ಗೆದ್ದವರೇ ಗೆಲುವಿಗೆ ಆಕ್ಷೇಪ ಎತ್ತಿದರಂತೆ

ಅಂತರ ಕಾಲೇಜು ಕ್ರೀಡಾ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ರಾತ್ರಿ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯ ಬಾಗಿಲು ಬಡಿದ ಸದ್ದಿಗೆ ನನಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ದೊಡ್ಡ ಮಾತೇ. ಏಳು ತಿಂಗಳ ಕೂಸಿನ ತಾಯಿ ಮಲಗಿರುತ್ತಾಳೆಯೇ ಹೊರತು ನಿದ್ದೆ ಮಾಡುವುದಿಲ್ಲ. "ಕಳ್ಳರಾಗಿದ್ರೆ ಬಾಗಿಲು ಬಡೀತಿರಲಿಲ್ಲ, ಹೋಗಿ ತೆಗಿ," ಎಂದರು ಅತ್ತೆ, ಮಲಗಿದಲ್ಲಿಂದಲೇ. ತೆಗೆದರೆ ಮೆಟ್ಟಿಲ ಮೇಲೆ ಇಬ್ಬರು: ಈ ವರ್ಷದ ಮಹಿಳಾ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಕೋಚ್ ಮತ್ತು ಕ್ಯಾಪ್ಟನ್. ಕೋಚ್ ಕೈಯ ಫೋನಿನಲ್ಲಿ, ನೀವು ರಾತ್ರಿ ಹನ್ನೆರಡೂವರೆಗೆ ಎಲ್ಲ ಕೋಚ್‌ಗಳಿಗೂ ಕಳಿಸಿದ ಸೂಚನಾ ಪತ್ರ.

ಹಗಲು ಹನ್ನೆರಡಕ್ಕೆ ಕರೆ ಮಾಡಿದರೆ "ಸಾಹೇಬ್ರು ಊಟಕ್ಕೆ ಹೋದ್ರು" ಎನ್ನುವ, ಮೂರಕ್ಕೆ ಮಾಡಿದರೆ "ಈಗ ತಾನೇ ಹೊರಟ್ರು" ಎನ್ನುವ ನಿಮ್ಮ ಕಚೇರಿ ನಡುರಾತ್ರಿಯಲ್ಲಿ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ಪತ್ರದ ಸಾರ ಇಷ್ಟು: ವಿಜೇತ ತಂಡದ ಕ್ಯಾಪ್ಟನ್ ಸ್ಕೋರ್‌ಶೀಟಿನ ಆಕ್ಷೇಪಣೆಯ ಜಾಗದಲ್ಲಿ ಸಹಿ ಮಾಡಿರುವುದರಿಂದ ಫೈನಲ್ ಫಲಿತಾಂಶ ವಿವಾದಕ್ಕೆ ಒಳಗಾಗಿದೆ; ಆದ್ದರಿಂದ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಎರಡನೇ ಸ್ಥಾನದ ತಂಡವನ್ನು ಕಳಿಸಲಾಗುವುದು; ತಕರಾರಿದ್ದವರು ಬೆಳಿಗ್ಗೆ ಏಳರೊಳಗೆ ಸಲ್ಲಿಸತಕ್ಕದ್ದು. ರೈಲು ಹೊರಡುವುದು ಏಳು ನಲವತ್ತಕ್ಕೆ.

ಅಂದರೆ, ಮಾನ್ಯರೇ, ಗೆದ್ದ ಹುಡುಗಿಯರು ತಮ್ಮ ಗೆಲುವಿನ ಮೇಲೆ ತಾವೇ ದೂರು ಕೊಟ್ಟಿದ್ದಾರೆ. ಮೊದಲ ದರ್ಜೆಯಲ್ಲಿ ಪಾಸಾದವಳು ದಯವಿಟ್ಟು ನನ್ನನ್ನು ಫೇಲು ಮಾಡಿ ಎಂದು ಅರ್ಜಿ ಹಾಕಿದ ಹಾಗೆ. ಇದನ್ನು ನಂಬಲು ಓದು ಬೇಕು, ಪದವಿ ಬೇಕು, ತಿರುಗುವ ಕುರ್ಚಿ ಬೇಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನಮ್ಮ ಅತ್ತೆಗೆ ನಂಬಲಾಗಲಿಲ್ಲ. "ಗೆದ್ದೋರು ಯಾಕೆ ತಕರಾರು ಮಾಡ್ತಾರೆ? ಹೊಟ್ಟೆ ತುಂಬಿದೋರು ಅನ್ನ ಕಾಣಲಿಲ್ಲ ಅಂತ ಅಳ್ತಾರಾ?" ಎಂದು ಕೇಳಿ, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀನು ಕೂತು ಬರಿ, ಇವನನ್ನ ನಾನು ನೋಡ್ಕೋತೀನಿ" ಎಂದರು. ಬರೆಯುತ್ತಿದ್ದೇನೆ. ಬರೆದು, ಎಲ್ಲ ಕಾಲೇಜುಗಳ ಕ್ರೀಡಾ ಗುಂಪುಗಳಿಗೂ ಈ ರಾತ್ರಿಯೇ ಹಾಕುತ್ತೇನೆ. ನಡುರಾತ್ರಿ ಪತ್ರ ಕಳಿಸುವ ವಿದ್ಯೆಯನ್ನು ನಿಮ್ಮಿಂದಲೇ ಕಲಿತೆ.

ನಾನು ಯಾರೆಂದರೆ, ಆ ಫೈನಲ್‌ನ ಸ್ಕೋರರ್. ಬರಬೇಕಾದವರಿಗೆ ಜ್ವರ ಬಂದು, ನಿಮ್ಮ ಗುಮಾಸ್ತರು ಬೆಳಿಗ್ಗೆ ಕರೆ ಮಾಡಿ, "ಮೇಡಂ, ಮಗೂನ ಕರ್ಕೊಂಡೇ ಬನ್ನಿ, ಸ್ಕೋರ್ ಬರೆಯೋಕೆ ಒಂದು ಕೈ ಸಾಕಲ್ಲ" ಎಂದಿದ್ದರು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪೆನ್ನು ಹಿಡಿದು ನಾಲ್ಕು ಕ್ವಾರ್ಟರ್ ಬರೆದೆ. ಒಂದು ಅಂಕವೂ ಆಚೀಚೆ ಆಗಲಿಲ್ಲ. ಇನ್ನೊಂದು ಮಾತು: ಆ ದಿನ ಸೋತದ್ದು ನಾನು ಓದಿದ, ನಾನು ಆಡಿದ ಕಾಲೇಜು. ಈ ಹುದ್ದೆಗೆ ಬರುವ ಮೊದಲು ನೀವು ಒಂಬತ್ತು ವರ್ಷ ಪ್ರಾಂಶುಪಾಲರಾಗಿದ್ದ ಕಾಲೇಜೂ ಅದೇ. ಸೋತ ಕಾಲೇಜಿನ ಪರವಾಗಿ ನಾನು ಬರೆಯಲಿಲ್ಲ. ನೀವು ಬರೆದಿರಿ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟಿದ್ದೇನೆ ಅಷ್ಟೆ. ನಡುವೆ ಗೆರೆ ಎಳೆಯುವುದು ಓದುವವರಿಗೆ ಬಿಟ್ಟದ್ದು.

ಗೆದ್ದ ಈ ತಂಡ ಹೇಗೆ ತಯಾರಾಯಿತೆಂದು ಕೇಳಿದ್ದೀರಾ? ಕೋಚ್ ಅನ್ನಿಸಿಕೊಂಡವಳು ಆ ಹುಡುಗಿಯರದೇ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಚೀಟಿ ಅಂಟಿಸುವ ಸಹಾಯಕಿ. ಎಂಟು ವರ್ಷದ ಹಿಂದೆ ನಾವಿಬ್ಬರೂ ಎದುರಾಳಿಗಳು. ನನ್ನ ಹುಬ್ಬಿನ ಮೇಲಿನ ಮೂರು ಹೊಲಿಗೆ ಅವಳ ಮೊಣಕೈಯ ಕೃಪೆ. ಅವರ ಅಂಕಣ ಎಂಟು ಗಂಟೆಯ ನಂತರ ಅಧ್ಯಾಪಕರ ಕಾರು ನಿಲ್ಲಿಸುವ ಜಾಗ. ಬೆಳಿಗ್ಗೆ ಐದೂವರೆಗೆ ಬಂದು ಆಡಬೇಕು, ಏಳೂಮುಕ್ಕಾಲಿಗೆ ಹೊರಡಬೇಕು. ಯಾವುದೋ ಕಾರು ದಿನಾ ಬುಟ್ಟಿಯ ಎಡಗಡೆಗೆ ಎಣ್ಣೆ ಸೋರಿಸುತ್ತಿತ್ತು. ತೊಳೆದರು, ಮರದ ಪುಡಿ ಹಾಕಿದರು, ಅರ್ಜಿ ಕೊಟ್ಟರು. ಕಾರು ಬದಲಾಗಲಿಲ್ಲ, ಆಟ ಬದಲಾಯಿತು. ಎಡಗಡೆಯಿಂದ ಎಷ್ಟೇ ವೇಗವಾಗಿ ನುಗ್ಗಿದರೂ ಆ ಕಲೆಗೆ ಒಂದು ಹೆಜ್ಜೆ ಮೊದಲು ಗಕ್ಕನೆ ನಿಂತು, ನಿಂತಲ್ಲಿಂದಲೇ ಎಗರಿ ಎಸೆಯುವುದು. ಕೋಚ್ ಅಂಚಿನಿಂದ "ಎಣ್ಣೆ, ಎಣ್ಣೆ" ಎಂದು ಕೂಗುತ್ತಿದ್ದಳು. ಬೇರೆ ಊರಿನ ತಂಡಗಳು ಅದನ್ನೇನೋ ಗುಪ್ತ ಸಂಕೇತ ಎಂದುಕೊಂಡು ತಲೆ ಕೆರೆದುಕೊಂಡವು. ಹತ್ತು ಪಂದ್ಯ, ಹತ್ತೂ ಗೆಲುವು.

ಹನ್ನೊಂದನೆಯದು ಫೈನಲ್. ನಾಲ್ಕು ಸೆಕೆಂಡು ಉಳಿದಾಗ ಐವತ್ತೆಂಟು, ಐವತ್ತೆಂಟು. ಕ್ಯಾಪ್ಟನ್ ಎಡಗಡೆಯಿಂದ ನುಗ್ಗಿದಳು. ಅವಳನ್ನು ತಂಡದವರು ಕೊಕ್ಕರೆ ಅನ್ನುತ್ತಾರೆ. ಉದ್ದ ಕಾಲು, ಗಿಡ್ಡ ಮಾತು. ಒಳಾಂಗಣದ ಆ ಮರದ ನೆಲದಲ್ಲಿ ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ. ಆದರೂ ಹುಡುಗಿ ರೂಢಿಯಂತೆ ಗಕ್ಕನೆ ನಿಂತಳು. ತಡೆಯಲು ಹಾರಿ ಬಂದ ನಮ್ಮ ಕಾಲೇಜಿನ ಇಬ್ಬರೂ ಅವಳನ್ನು ದಾಟಿ ಮುಂದೆ ಹೋದರು. ಬಸ್ಸು ಹತ್ತಲು ಓಡಿ ಬಂದು ಬಸ್ಸನ್ನೇ ಹಿಂದೆ ಹಾಕಿದವರ ಹಾಗೆ. ಅವಳು ಎಸೆದಳು. ಅರವತ್ತು. ಹಾಳೆಯಲ್ಲಿ ಆ ಅಂಕಿಯ ಸುತ್ತ ಕೊನೆಯ ಸುತ್ತು ಹಾಕಿದ ಕೈ ಇದೇ.

ಈಗ ಸಹಿಯ ಕತೆಗೆ ಬರೋಣ. ಸ್ಕೋರ್‌ಶೀಟಿನ ಕೆಳಗಡೆ ಒಂದು ಪುಟ್ಟ ಚೌಕವಿದೆ: 'ಆಕ್ಷೇಪಣೆ ಇದ್ದಲ್ಲಿ ಕ್ಯಾಪ್ಟನ್ ಸಹಿ'. ಆಟದ ತೀರ್ಪಿನಲ್ಲಿ ಅನ್ಯಾಯವಾಯಿತು ಅನ್ನಿಸಿದ ತಂಡದವರು ಮಾತ್ರ ಅಲ್ಲಿ ಪೆನ್ನು ಊರುತ್ತಾರೆ. ಗೆದ್ದವರು ಆಟ ಮುಗಿದ ಮೇಲೆ ಎಲ್ಲೂ ಸಹಿ ಹಾಕಬೇಕಾಗಿಲ್ಲ. ಹಾಗಿದ್ದರೆ ಈ ಹುಡುಗಿ ಯಾಕೆ ಹಾಕಿದಳು? ನೆನಪು ಮಾಡಿಕೊಳ್ಳಿ. ಫೋಟೋದವನಿಗೆ ಬೇರೆ ಕಾರ್ಯಕ್ರಮಕ್ಕೆ ಹೋಗುವ ಅವಸರವಿತ್ತು. ನೀವು ನನ್ನ ಮೇಜಿನ ಹತ್ತಿರ ಬಂದು ಅವನಿಗೆ, "ಕಪ್ ಹಿಡ್ಕೊಂಡಿರೋ ಫೋಟೋ ಎಲ್ಲರೂ ಹಾಕ್ತಾರೆ. ಕ್ಯಾಪ್ಟನ್ ಸ್ಕೋರ್‌ಶೀಟಿಗೆ ಸಹಿ ಹಾಕ್ತಿರೋದು ತೆಗಿ, ಹಿಂದೆ ನಾನಿರ್ತೀನಿ" ಎಂದಿರಿ. ಅವಳು, "ಎಲ್ಲಿ ಹಾಕಲಿ ಸರ್?" ಎಂದು ಕೇಳಿದಳು. ನೀವು, "ಎಲ್ಲಾದ್ರೂ ಹಾಕಮ್ಮ, ಫೋಟೋಗೆ ತಾನೇ. ಇಗೋ, ಇಲ್ಲಿ ಖಾಲಿ ಇದೆ" ಎಂದಿರಿ. ನಿಮ್ಮ ಪೆನ್ನನ್ನೇ ಕೊಟ್ಟಿರಿ. ಆಮೇಲೆ ಮುಖ್ಯ ರೆಫರಿ ಬಂದು, ಮೈಯೆಲ್ಲ ಬೆವರಾಗಿ, ಮೇಲೆ ಕೆಳಗೆ ನೋಡದೆ ತಮ್ಮ ಸಹಿ ಗೀಚಿದರು.

ನನ್ನ ತಪ್ಪನ್ನೂ ಇಲ್ಲೇ ಬರೆಯುತ್ತೇನೆ, ನೀವು ಹುಡುಕುವ ಶ್ರಮ ತಪ್ಪಲಿ. ರೆಫರಿ ಸಹಿ ಆಗುವ ತನಕ ಸ್ಕೋರರ್ ಆ ಹಾಳೆಯನ್ನು ಯಾರ ಕೈಗೂ ಕೊಡಬಾರದು. ನಾನು ಕೊಟ್ಟೆ. ಮಗು ಕಿರುಚುತ್ತಿತ್ತು, ಕೇಳಿದವರು ಕಾರ್ಯದರ್ಶಿಗಳು, ಒಂದು ಕಾಲದಲ್ಲಿ ನನ್ನ ಪ್ರಾಂಶುಪಾಲರು. ನಿಮ್ಮೆದುರು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಪರವಾನಗಿ ರದ್ದು ಮಾಡಿ, ಜೀವಮಾನವಿಡೀ ಸ್ಕೋರ್ ಮೇಜಿನ ಹತ್ತಿರ ಬಿಡಬೇಡಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಯಾವ ನಿಯಮಾವಳಿಯಲ್ಲಿದೆ?

ನನ್ನ ಮಾತು ಸುಳ್ಳು ಅನ್ನುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. ಆ ಫೋಟೋ ನಿಮ್ಮ ಸಮಿತಿಯ ಪುಟದಲ್ಲಿ ಐದು ದಿನದಿಂದ ಇದೆ, ನೀವೇ ಹಾಕಿಸಿದ್ದು. ದೊಡ್ಡದು ಮಾಡಿ ನೋಡಿದೆ. ಕೊಕ್ಕರೆ ಬಗ್ಗಿದ್ದಾಳೆ, ನೀವು ಕ್ಯಾಮೆರಾ ನೋಡಿ ನಗುತ್ತಿದ್ದೀರಿ, ನಿಮ್ಮ ಉಂಗುರದ ಬೆರಳು ಹಾಳೆಯ ಮೇಲಿದೆ. ಬೆರಳು ಮುಟ್ಟಿರುವ ಜಾಗ ಆ ಚೌಕ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನೀವು ಕನ್ನಡಿಯನ್ನೂ ಒದಗಿಸಿದ್ದೀರಿ. ಈಗ ತೆಗೆಸಿ ಹಾಕಿದರೆ ಪ್ರಯೋಜನವಿಲ್ಲ, ನಲವತ್ತು ಜನರ ಫೋನಿಗೆ ಹೋಗಿಯಾಗಿದೆ. ಕ್ಷಮಿಸುವ ಗುಣ ನನಗೆ ಹುಟ್ಟಿನಿಂದ ಬಂದಿಲ್ಲ, ಮಾನ್ಯರೇ, ನಿದ್ದೆಗೆಟ್ಟ ಮೇಲಂತೂ ಇದ್ದಷ್ಟೂ ಹೋಗಿದೆ. ಈ ಹುಡುಗಿಯರ ರೈಲು ತಪ್ಪಿದರೆ ಆ ಫೋಟೋಗೆ ಕಟ್ಟು ಹಾಕಿಸಿ, ನೀವು ಅಧ್ಯಕ್ಷತೆ ವಹಿಸುವ ಪ್ರತಿಯೊಂದು ಸಭೆಯ ಮೊದಲ ಸಾಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತೇನೆ. ಮಗು ದೊಡ್ಡದಾದ ಮೇಲೆ ಅದಕ್ಕೂ ಕಲಿಸುತ್ತೇನೆ. ನಿಮ್ಮ ನಿವೃತ್ತಿಯ ದಿನ ಹಾರಕ್ಕಿಂತ ಮೊದಲು ನಿಮ್ಮ ಕೈಗೆ ಅದೇ ಬರುತ್ತದೆ.

ಈಗ ಮೂರು ಗಂಟೆ ದಾಟಿದೆ. ಮುಖ್ಯ ರೆಫರಿಯನ್ನು ಎಬ್ಬಿಸಿದೆವು. "ನಾನೂ ನೋಡ್ಲಿಲ್ಲ ಮೇಡಂ, ನನ್ನದೂ ತಪ್ಪೇ, ಬರೆದು ಕೊಡ್ತೀನಿ" ಎಂದು ಬರೆದು ಕಳಿಸಿದರು. ನನ್ನ ಹೇಳಿಕೆಯೂ ಸಿದ್ಧ. ಎರಡನ್ನೂ ನಿಮ್ಮ ಫೋನಿಗೆ ಕಳಿಸಿದ್ದೇವೆ, ಆದರೆ ನಿಮ್ಮ ಫೋನು ಆಫ್ ಆಗಿದೆ. ಕೊಕ್ಕರೆ ನಮ್ಮ ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. "ಅಕ್ಕಾ, ಸಹಿ ಹಾಕಿದ್ದು ನಾನು ತಾನೇ. ಓದಿ ಹಾಕಬೇಕಿತ್ತು," ಎಂದಳು. ಉಳಿದ ಹನ್ನೊಂದು ಹುಡುಗಿಯರಿಗೆ ಏನೂ ತಿಳಿಯದು. ಚೀಲ ಕಟ್ಟಿಟ್ಟು, ಆರೂವರೆಗೆ ಸ್ಟೇಷನ್ನಿಗೆ ಬರಬೇಕೆಂದು ಅಲಾರಂ ಇಟ್ಟು ಮಲಗಿದ್ದಾರೆ. ಅವರಲ್ಲಿ ಏಳು ಜನಕ್ಕೆ ಇದು ಕೊನೆಯ ವರ್ಷ. ಬರುವ ವರ್ಷ ಅವರು ಯಾವ ತಂಡದಲ್ಲೂ ಇರುವುದಿಲ್ಲ. ಯಾವುದೋ ಮೇಜಿನ ಹಿಂದೆಯೋ, ನನ್ನ ಹಾಗೆ ಯಾವುದೋ ತೊಟ್ಟಿಲ ಮುಂದೆಯೋ ಇರುತ್ತಾರೆ. "ನಾನಂತೂ ಅವರಿಗೆ ಹೇಳಲ್ಲ," ಎಂದಳು ಕೋಚ್. "ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿ ಹೇಳೋ ಧೈರ್ಯ ನಿನಗಿದ್ರೆ ನೀನೇ ಬಂದು ಹೇಳು." ನನಗಿಲ್ಲ.

ನನ್ನ ಬೇಡಿಕೆ ಇದು: ಸೂಚನಾ ಪತ್ರವನ್ನು ಹಿಂತೆಗೆದುಕೊಳ್ಳಿ, ಅರವತ್ತು–ಐವತ್ತೆಂಟನ್ನು ಸ್ಥಿರಪಡಿಸಿ, ರಾಷ್ಟ್ರಮಟ್ಟಕ್ಕೆ ಹೋಗುವ ತಂಡದ ಹೆಸರುಗಳ ಪಟ್ಟಿಗೆ ಸಹಿ ಮಾಡಿ. ಈ ಸಲ ಸರಿಯಾದ ಜಾಗದಲ್ಲಿ. ಇದನ್ನು ಓದುತ್ತಿರುವವರಲ್ಲಿ ಕಾರ್ಯದರ್ಶಿಗಳ ಮನೆಯ ಬಳಿ ಇರುವವರು ದಯವಿಟ್ಟು ಹೋಗಿ ಬಾಗಿಲು ತಟ್ಟಿ, ಸಿಟ್ಟಾದರೆ ನನ್ನ ಹೆಸರು ಹೇಳಿ. ಮತ್ತು ಮಾನ್ಯರೇ, ಇಷ್ಟು ಬೈದವಳೇ ಈಗ ಕೈ ಮುಗಿಯುತ್ತಿದ್ದೇನೆ, ಹಲ್ಲು ಕಚ್ಚಿಕೊಂಡು ಮುಗಿಯುತ್ತಿದ್ದೇನೆ. ನನ್ನ ಮೇಲಿನ ಕೋಪ ನಾಳೆಗೆ ಇರಲಿ. ಒಂದು ಫೋನು ಮಾಡಿ. ನನಗೆ ಬೇಡ, ಕೋಚ್‌ಗೆ ಮಾಡಿ. ನೆಪ ಹೇಳಬೇಡಿ, ತಪ್ಪೊಪ್ಪಿಗೆಯೂ ಬೇಡ. "ಹೋಗಿ ಬನ್ನಿ" ಅನ್ನಿ. ಎರಡೇ ಮಾತು. ಬೆಳಗಾಗುವ ಮೊದಲು ಮಾಡಿ.

ಇಂತಿ,
ಹಾಳೆಯನ್ನು ಕೈಬಿಟ್ಟ ಸ್ಕೋರರ್,
ನಿಮ್ಮ ಹಳೆಯ ವಿದ್ಯಾರ್ಥಿನಿ, ನಿಮಗೆ ಇಲ್ಲ ಅನ್ನಲು ತಡವಾಗಿ ಕಲಿತವಳು