ಎದೆಗೂಡಿನಲ್ಲಿ ಸಿಕ್ಕ ಗುಂಡು

ಬೇಟೆ ಗುಡಿಸಲು, ಸೀಡರ್ ಜೌಗಿನ ಅಂಚು
ಬಡಗಣ ಮಿಷಿಗನ್
ನವೆಂಬರ್ ೧೭, ೧೯೭೩

ಪ್ರೀತಿಯ ರೈನೊ,

‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ಹುಬ್ಬೇರಿಸಬೇಡ. ಕೋಪ ಇನ್ನೂ ಇದೆ. ಆಗಸ್ಟಿನಲ್ಲಿ ಮುನಿಸಿಕೊಂಡು ಹಡಗಿನ ಕೆಲಸಕ್ಕೆ ಮರಳಿದವನು ನನಗೆ ಒಂದು ಸಾಲೂ ಬರೆದಿಲ್ಲ. ನಾನೂ ಬರೆಯಬಾರದೆಂದೇ ಇದ್ದೆ. ಆದರೆ ಇವತ್ತು ಹೇಳದಿದ್ದರೆ ಹೊಟ್ಟೆ ಒಡೆದೇ ಹೋಗುತ್ತದೆ. ನಾನು ಜಿಂಕೆ ಹೊಡೆದೆ! ಕೊಂಬು ಕವಲೊಡೆದ ದೊಡ್ಡ ಗಂಡು. ಹೊಡೆದದ್ದಷ್ಟೇ ಅಲ್ಲ, ಹಿಮದ ಮೇಲೆ ಮಂಡಿಯೂರಿ ಅದರ ಹೊಟ್ಟೆ ಸೀಳಿ ಒಳಗನ್ನೆಲ್ಲ ತೆಗೆದು ಶುಚಿ ಮಾಡಿದವಳೂ ನಾನೇ. ಕೋಳಿ ಕೊಯ್ಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆಯಲ್ಲ, ಅದೇ ನಾನು.

ಮೊದಲಿನಿಂದ ಹೇಳುತ್ತೇನೆ. ಈ ಸಲದ ಬೇಟೆಗೆ ನೀನು ಬರುವುದಿಲ್ಲವೆಂದು ಗೊತ್ತಾದದ್ದೇ ತಡ, ಪಕ್ಕದ ಮನೆಯ ಉರ್ಹೊ ಬೇಟೆ ಗುಡಿಸಲಿನ ನಿನ್ನ ಮಂಚದ ಮೇಲೆ ಕಣ್ಣು ಹಾಕಿದ. ಗುಡಿಸಲಿನಲ್ಲಿ ಅವನದೂ ಅರ್ಧ ಪಾಲು. ಬಾಯಿ ಮಾತ್ರ ಇಡೀ ಪಾಲಿನದು. ಖಾಲಿ ಬಿದ್ದ ಮಂಚ ಆ ವರ್ಷ ಜಿಂಕೆ ಹೊಡೆದ ಹೊಸಬರಿಗೆ ಸೇರಬೇಕು ಅನ್ನುವುದು ನೀವೇ ಮಾಡಿಕೊಂಡ ಕಟ್ಟಳೆ ತಾನೆ? ಅವನ ಅಳಿಯ ಮುಂದಿನ ವಾರ ಬರುವವನಿದ್ದ. ಬಂದು ಒಂದು ಹೊಡೆದನೆಂದರೆ ಮುಗಿಯಿತು, ನಿನ್ನಪ್ಪನ ಗುಡಿಸಲಿನಲ್ಲಿ ನಿನಗೇ ಜಾಗವಿಲ್ಲ. ಮಾವ ಕಾಫಿ ಹೀರುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ನಾನೂ ಹೊಸಬಳೇ, ನಾನೇ ಬರುತ್ತೇನೆ ಎಂದುಬಿಟ್ಟೆ. ಒಳ್ಳೆಯದೇ ಆಯಿತು, ಈ ಸಲ ಬಿಸಿ ಬಿಸಿ ಮಾಂಸದ ಕಡುಬಿಗೆ ಕೊರತೆಯಿಲ್ಲ ಎಂದು ಉರ್ಹೊ ನಕ್ಕ. ಮಾವ ಕಾಫಿ ಲೋಟ ಕೆಳಗಿಟ್ಟರು.

“ಬರ್ಲಿ. ಹೊಡೆದೋರೇ ಹೊಟ್ಟೆ ಸೀಳ್ಬೇಕು. ಗುರಿ ತಪ್ಪಿದ್ರೆ ಅಂಗಿ ಹಿಂದಿನ ಬಾಲ ಕತ್ತರಿಸಿ ಒಲೆ ಮೇಲೆ ಮೊಳೆಗೆ ನೇತು ಹಾಕ್ತೀವಿ, ಅದೇ ಗುಡಿಸಲಿನ ರೂಢಿ. ಹೆಂಗಸು ಅಂತ ಬಿಡಲ್ಲ.”

ಈಗೊಂದು ವಿಷಯ ಹೇಳಬೇಕು, ಬೈಯಬೇಡ. ನಾನು ಒಯ್ದದ್ದು ನಿನ್ನ ಕೋವಿ. ಬೀರುವಿನ ಹಿಂದೆ ಬಚ್ಚಿಟ್ಟರೆ ಹೆಂಡತಿಗೆ ಕಾಣುವುದಿಲ್ಲವೇ? ಜೊತೆಗೆ ನೀನು ಎರಕ ಹೊಯ್ದ ಸೀಸದ ಗುಂಡುಗಳನ್ನೂ ಒಯ್ದೆ. ಹೌದು, ನೀನು ನನ್ನ ಹಾಲಿನ ಪಾತ್ರೆಯಲ್ಲಿ ಸೀಸ ಕರಗಿಸಿದೆ, ನಾನು ಪಾತ್ರೆಯನ್ನೇ ಅಂಗಳಕ್ಕೆ ಎಸೆದೆ, ಮಾತಿಗೆ ಮಾತು ಬೆಳೆದು ನೀನು ಚೀಲ ಹೆಗಲಿಗೇರಿಸಿ ಹೊರಟೆ. ಅದೇ ಗುಂಡುಗಳು. ನೀನು ಹೋದ ಮೇಲೆ ಸೆಪ್ಟೆಂಬರ್ ಪೂರ್ತಿ ಹಿತ್ತಲಲ್ಲಿ ಖಾಲಿ ಡಬ್ಬಗಳಿಗೆ ಗುರಿಯಿಟ್ಟೆ. ಒಂದೊಂದು ಡಬ್ಬಕ್ಕೂ ನಿನ್ನ ಹೆಸರಿಟ್ಟಿದ್ದೆ ಅಂತ ಬೇರೆ ಹೇಳಬೇಕಿಲ್ಲ.

ಇವತ್ತು ಬೆಳಿಗ್ಗೆ ನಾನು ಜೌಗಿನ ಅಂಚಿನಲ್ಲಿ ಕೂತಿದ್ದೆ, ಮಾವ ಎದುರಿನ ದಿಣ್ಣೆಯ ಮೇಲೆ. ಕಾಲು ಮರಗಟ್ಟಿ, ಸಾಕಪ್ಪಾ ಸಾಕು ಎಂದುಕೊಳ್ಳುವಷ್ಟರಲ್ಲಿ ಅದು ಬಂದು ನಿಂತಿತು. ಕೋವಿಯನ್ನು ಮೆಲ್ಲಗೆ ಭುಜಕ್ಕೇರಿಸಿದೆ. ಹೊಡೆದೆ. ಅದು ನೆಗೆಯಿತು. ಆ ಕೂಡಲೇ ದಿಣ್ಣೆಯ ಮೇಲಿಂದ ಇನ್ನೊಂದು ಗುಂಡಿನ ಸದ್ದು. ಜಿಂಕೆ ಗಿರ್ರನೆ ತಿರುಗಿ, ಪೊದೆಯ ಆಚೆ ಓಡಿ ಬಿತ್ತು.

ನಾವು ಹತ್ತಿರ ಹೋಗುವಷ್ಟರಲ್ಲಿ ಉರ್ಹೊನೂ ಓಡಿ ಬಂದ. ಮೈಮೇಲೆ ಒಂದೇ ತೂತು. ಜಿಂಕೆ ತಿರುಗಿದ್ದರಿಂದ ಯಾರ ಗುಂಡೆಂದು ಹೊರಗಿನಿಂದ ಹೇಳುವಂತಿರಲಿಲ್ಲ. ಮಾವ ಕೋವಿ ಇಳಿಸಿ, ಇದು ನನ್ನದು ಎಂದುಬಿಟ್ಟರು! ಉರ್ಹೊನ ಮುಖ ಊರಗಲವಾಯಿತು. ಪಾಪ ಸೈಮಿ, ಒಳ್ಳೆಯ ಅಂಗಿ ಹಾಳಾಯಿತು ಎಂದು ಲೊಚಗುಟ್ಟಿದ. ನನ್ನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ರೋಷಕ್ಕೆ. ಸ್ವಂತ ಮಾವ ಬಾಯಿಂದ ತುತ್ತು ಕಿತ್ತುಕೊಂಡರೆ ಏನು ಮಾಡುವುದು ಹೇಳು. ಅದು ನನ್ನದು ಎಂದು ಹಟ ಹಿಡಿದೆ. ಮಾವ ತಮ್ಮ ಚಾಕುವನ್ನು ನನ್ನ ಮುಂದೆ ಹಿಡಿದರು.

“ಹಾಗಾದ್ರೆ ಸೀಳಿ ತೋರ್ಸು. ಒಳಗಿರೋದು ಸುಳ್ಳು ಹೇಳಲ್ಲ.”

ಸೀಳಿದೆ ರೈನೊ! ಜಿಂಕೆಯನ್ನು ಬೆನ್ನ ಮೇಲೆ ಮಲಗಿಸಿ, ಎರಡು ಬೆರಳು ಚರ್ಮದಡಿಗೆ ತೂರಿಸಿ, ಅಲಗು ಮೇಲಾಗಿ ಚಾಕು ಹಿಡಿದು ಮೆಲ್ಲಗೆ ಎಳೆದೆ. ಹೊಟ್ಟೆಯ ಚೀಲಕ್ಕೆ ಮೊನೆ ತಗಲಿದರೆ ಮಾಂಸವೆಲ್ಲ ನಾರುತ್ತದೆಂದು ನೀನು ಎಷ್ಟು ಸಲ ಕೊಚ್ಚಿಕೊಂಡಿಲ್ಲ? ಅದೆಲ್ಲ ಕಿವಿಗೆ ಬಿದ್ದಿತ್ತು. ಒಳಗಿಂದ ಹಬೆ ಭುಗ್ಗೆಂದು ಮುಖಕ್ಕೆ ಬಡಿಯಿತು. ಮರಗಟ್ಟಿದ್ದ ಕೈ ಆ ಬಿಸಿಯಲ್ಲಿ ಜೀವ ಪಡೆಯಿತು. ತಲೆ ತಿರುಗುತ್ತದೆಂದು ಕಾದೆ, ತಿರುಗಲಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಪರದೆ ಕೊಯ್ದು, ಮೊಣಕೈವರೆಗೆ ಕೈ ತೂರಿಸಿ ಗಂಟಲ ಕೊಳವೆ ಕತ್ತರಿಸಿ ಎಳೆದೆ. ಎಲ್ಲ ಒಟ್ಟಿಗೆ ಜಾರಿ ಹಿಮದ ಮೇಲೆ ಬಂತು. ಲಿವರ್ ಬೇರೆ ಮಾಡಿದೆ, ಹೃದಯ ಬೇರೆ ಮಾಡಿದೆ. ಆಮೇಲೆ ಖಾಲಿ ಎದೆಗೂಡಿನಲ್ಲಿ ಬೆರಳಾಡಿಸಿದೆ. ಆಚೆ ಬದಿಯ ಪಕ್ಕೆಲುಬಿನ ಸಂದಿಯಲ್ಲಿ ಗುಂಡು ಸಿಕ್ಕಿತು. ಅರಳಿ ಚಪ್ಪಟೆಯಾಗಿತ್ತು. ಅಂಗಿಗೆ ಒರೆಸಿ ಉರ್ಹೊನ ಅಂಗೈಗೇ ಹಾಕಿದೆ, ನೀನೇ ನೋಡಿ ಹೇಳು ಎಂದು.

ಮಾವ ಹೊಡೆಯುವುದು ತಾಮ್ರದ ಕವಚದ, ಅಂಗಡಿಯ ಗುಂಡು. ಉರ್ಹೊ ಅದನ್ನು ಹೊರಳಿಸಿದ, ಉಗುರಿನಿಂದ ಕೆರೆದ.

“ತಾಮ್ರ ಇಲ್ಲ. ಬರೀ ಸೀಸ. ಇದು ನಿನ್ನ ಮಗ ಅಡುಗೆಮನೇಲಿ ಕಾಯ್ಸಿದ್ದು ಕಣೋ, ಆರ್ವೊ.”

ಯಾವತ್ತೂ ಗುರಿ ತಪ್ಪದ ನಿನ್ನಪ್ಪ ಅಂಗಿ ಕತ್ತರಿಸಿಕೊಳ್ಳಲು ಬೆನ್ನು ತಿರುಗಿಸಿ ನಿಂತರು. ಅವರ ಕೆಂಪು ಚೌಕಳಿ ಅಂಗಿಯ ಬಾಲ ಈಗ ಒಲೆಯ ಮೇಲೆ ಮೊಳೆಗೆ ನೇತಾಡುತ್ತಿದೆ. ಮಂಚ ನನ್ನದೆಂದು ಉರ್ಹೊನ ಬಾಯಿಂದಲೇ ಬಂತು. ಹೃದಯಕ್ಕೆ ಈರುಳ್ಳಿ ಹಾಕಿ ಹುರಿದೆ. ನಿನ್ನ ಪಾಲನ್ನು ಅವನೇ ತಿಂದ.

ನಿನ್ನ ಸೀಸ, ನನ್ನ ಗುರಿ. ಇಬ್ಬರೂ ಸೇರಿ ಹೊಡೆದ ಹಾಗೇ ಆಯಿತಲ್ಲವೇ? ಹಾಲಿನ ಪಾತ್ರೆ ಹೋದರೆ ಹೋಗಲಿ. ಸರೋವರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ ಎಲ್ಲಿಗೆ ಹೋಗುತ್ತೀಯೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಇಲ್ಲಿಗೆ ಬಂದರೆ ಮಾತ್ರ ಒಲೆಯ ಪಕ್ಕ ನೆಲದ ಮೇಲೆ ಮಲಗಬೇಕು.

ಅರ್ಧ ಕೋಪ ಇಳಿದಿರುವ
ಸೈಮಿ

ತಾ.ಕ. (ನವೆಂಬರ್ ೧೮): ಕಾಗದವನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಕಳೆದುಹೋದ ಕೈಗವಸು ಹುಡುಕುತ್ತ ಜೌಗಿಗೆ ಹೋದೆ. ಜಿಂಕೆ ನಿಂತಿದ್ದ ಜಾಗದ ಹಿಂದಿನ ಪೈನ್ ಮರದಡಿ ಹಿಮದ ಮೇಲೆ ತೊಗಟೆಯ ಚೂರುಗಳು ಚೆಲ್ಲಿದ್ದವು. ತಲೆಯೆತ್ತಿದರೆ, ಏಣಿ ಹಾಕಿದರೂ ಎಟುಕದ ಎತ್ತರದಲ್ಲಿ ಗುಂಡು ಹೊಕ್ಕ ಹೊಸ ಗಾಯ. ಅಷ್ಟು ದೊಡ್ಡ ಜಿಂಕೆ ಬಿಟ್ಟು ನಿನ್ನಪ್ಪ ಅಲ್ಲಿಗೆ ಹೊಡೆಯುತ್ತಾರೆಯೇ? ಮಾವ ಬೇಕೆಂದೇ ಮರಕ್ಕೆ ಹೊಡೆದು ಜಿಂಕೆ ತಮ್ಮದೆನ್ನದಿದ್ದರೆ, ಆರ್ವೊನೇ ಹೊಡೆದು ಸೊಸೆಯ ಹೆಸರಿಗೆ ಹಾಕಿದ ಎಂದು ಉರ್ಹೊ ಊರೆಲ್ಲ ಸಾರುತ್ತಿದ್ದ. ಈಗ ಅವನೇ ತೀರ್ಪು ಕೊಟ್ಟ. ನಿನಗೆ ಹೇಳಿದ್ದೇನೆಂದು ಅವರಿಗೆ ತಿಳಿಯದಿರಲಿ. ಗುಡಿಸಲಿಗೆ ಮರಳಿದಾಗ ಮಾವ ಬಾಲವಿಲ್ಲದ ಅಂಗಿಯಲ್ಲೇ ಬಗ್ಗಿ, ನಮ್ಮ ಮಂಚದ ಅಂಚಿಗೆ ಇನ್ನೊಂದು ಹಲಗೆ ಜೋಡಿಸಿ ಮೊಳೆ ಹೊಡೆಯುತ್ತಿದ್ದರು. ನನಗೊಬ್ಬಳಿಗೆ ಇಷ್ಟು ಅಗಲ ಯಾಕೆ ಎಂದು ಕೇಳಿದೆ.

“ನಿಂಗಲ್ಲ ಕಣಮ್ಮ. ಅವ್ನು ನಿದ್ದೇಲಿ ಒದೀತಾನೆ.”