ಲಕ್ಸರ್‌ನಲ್ಲಿ ಬಾಕಿ ಉಳಿದ ಸುತ್ತು

ಮ್ಯೂನಿಕ್ಕಿನ ಪ್ರವಾಸ ಸಂಸ್ಥೆಯ ಸುರಕ್ಷತಾ ಅಧಿಕಾರಿಗಳೇ,

ನನ್ನ ಅಕ್ಕ ಬಸಕ್ಕನನ್ನು ನಿಮ್ಮ ಮುಂದಿನ ಈಜಿಪ್ಟ್ ಪ್ರವಾಸಕ್ಕೆ ಸೇರಿಸಿಕೊಳ್ಳಲಾಗದು ಎಂದು ತಿಳಿಸಿದ್ದೀರಿ. ಕಾರಣ, ಆಕೆ ‘ಗುಂಪಿನ ಚಲನೆಗೆ ವಿರುದ್ಧವಾಗಿ ನಡೆದರು’. ಜರ್ಮನ್‌ನಲ್ಲಿ ಬರೆದ ನನ್ನ ಆಕ್ಷೇಪಕ್ಕೆ ಉತ್ತರ ಬರಲಿಲ್ಲ. ಆದ್ದರಿಂದ ಈಗ ಕನ್ನಡ ಕೂಟದ ಪತ್ರಿಕೆಯಲ್ಲಿ, ನಿಮಗೆ ತಿಳಿಯದ ಭಾಷೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಇದರಿಂದ ನಿಮಗೂ ಮುಜುಗರವಿಲ್ಲ, ನನಗೂ ಧೈರ್ಯ.

ಲಕ್ಸರ್‌ಗೆ ಹೊರಡುವ ಮುನ್ನ ನೀವು ಕೊಟ್ಟ ಸಲಹೆಗಳನ್ನು ಶ್ರದ್ಧೆಯಿಂದ ಪಾಲಿಸಿದೆವು. ಸೀಲ್ ಒಡೆಯದ ಬಾಟಲಿಯ ನೀರನ್ನೇ ಕುಡಿದೆವು, ಬಿಸಿಲೇರುವ ಮುನ್ನ ಹೊರಟೆವು, ಕುದುರೆಗಾಡಿ ಹತ್ತುವ ಮೊದಲೇ ಬಾಡಿಗೆ ಮಾತಾಡಿದೆವು. ಹೊಟ್ಟೆ, ನೆತ್ತಿ, ಜೇಬು ಎಲ್ಲಕ್ಕೂ ನಿಮ್ಮಲ್ಲಿ ಸಲಹೆಯಿತ್ತು. ಆದರೆ ಅಲ್ಲಿನ ಕಾರ್ನಾಕ್ ದೇವಾಲಯದಲ್ಲಿ ದೇವರು ಇನ್ನೂ ಇದ್ದಾನೋ, ನಿವೃತ್ತನಾಗಿದ್ದಾನೋ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಷ್ಟು ಹಳೆಯ ಗುಡಿಗೆ ಜನರನ್ನು ಕರೆದೊಯ್ಯುವವರು ಇಷ್ಟಾದರೂ ವಿಚಾರಿಸಬೇಡವೇ?

ಅಲ್ಲಿನ ಕೊಳದ ಪಕ್ಕ ಕಲ್ಲಿನ ದೊಡ್ಡ ಸಗಣಿಹುಳು ಇದೆ. ಅದನ್ನು ಸುತ್ತಿದರೆ ಇಷ್ಟಾರ್ಥ ಫಲಿಸುತ್ತದೆ ಎಂದವರು ನಿಮ್ಮ ಮಾರ್ಗದರ್ಶಕಿಯೇ. ಗುಂಪೆಲ್ಲ ಎಡಸುತ್ತಾಗಿ ಹೊರಟಿತು. ಅಕ್ಕ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು, ಮೂರು ಸುತ್ತಿನ ಹರಕೆ ಹೊತ್ತು, ಪ್ರದಕ್ಷಿಣೆ ಹೊರಟಳು.

“ಫಾಲ್ಶ್, ಫ್ರಾವ್ ಬಸಕ್ಕ, ಫಾಲ್ಶ್!” ಎಂದರು ಮಾರ್ಗದರ್ಶಕಿ.

“ಆಕಿ ಯಾಕ ಒದರಾಕತ್ತಾಳೋ ತಮ್ಮಾ?”

“ತಪ್ಪು ದಿಕ್ಕಂತ ಅಕ್ಕಾ. ಎಲ್ಲಾರ ಹಂಗ ಎಡಕ್ಕ ಸುತ್ತಬೇಕಂತ.”

“ಎಡಸುತ್ತು ಹೆಣಕ್ಕ, ಬಲಸುತ್ತು ದೇವರಿಗೆ. ಅಷ್ಟೂ ತಿಳೀದ ಮಂದೀನ ಊರೂರು ತಿರುಗಿಸ್ತಾಳೇನ?”

“ಇದು ಹುಳಾ, ಅಕ್ಕಾ. ದೇವರಲ್ಲ.”

“ಹುಳಕ್ಕ ಗುಡಿಯಾಗ ಜಾಗಾ ಕೊಟ್ಟಾರ. ನಿನಗ ಯಾರರ ಕೊಟ್ಟಾರೇನ?”

ಎರಡು ಸುತ್ತು ಮುಗಿಯಿತು. ಮೂರನೆಯದರಲ್ಲಿ, ಎದುರು ಬಂದ ಕಲೋನ್ ನಗರದ ಹಿರಿಯರೊಬ್ಬರಿಗೆ ಡಿಕ್ಕಿಯಾಗಿ ಅವರ ಟೋಪಿ ಬಿತ್ತು. ಮಾರ್ಗದರ್ಶಕಿ ಅಕ್ಕನ ತೋಳು ಹಿಡಿದು ಹೊರಗೆಳೆದರು. ನಾನು ಯಾವ ದಿಕ್ಕಿಗೂ ಸುತ್ತದೆ ಚಪ್ಪಲಿ ಹಿಡಿದು ನಿಂತಿದ್ದೆ. ನಂಬುವವರ ಚಪ್ಪಲಿ ಕಾಯಲು ನಂಬದವನೊಬ್ಬ ಬೇಕಲ್ಲ.

ಈಗ ಹರಕೆ ಅರ್ಧಕ್ಕೆ ನಿಂತಿದೆ. ಏನು ಬೇಡಿಕೊಂಡೆ ಎಂದರೆ ಅಕ್ಕ ಹೇಳುವುದಿಲ್ಲ. ತೀರುವ ತನಕ ಹೇಳಬಾರದಂತೆ. ಆದರೆ ನಾನು ಕೆಮ್ಮಿದಾಗಲೆಲ್ಲ ನಿಮ್ಮ ಸಂಸ್ಥೆಯನ್ನು ಬೈಯುತ್ತಾಳೆ. ಇದು ಮಾಮೂಲಿ ಕೆಮ್ಮು ಎಂದು ವೈದ್ಯರು ಹೇಳಿದ್ದಾರೆ, ನಾನೂ ಒಪ್ಪಿದ್ದೇನೆ. ಹಾಗಿದ್ದೂ ಈಚೆಗೆ ಅವಳಿಗೆ ಕೇಳದಂತೆ ಕೆಮ್ಮುವುದನ್ನು ಕಲಿಯುತ್ತಿದ್ದೇನೆ.

ಆದ್ದರಿಂದ ಅಕ್ಕನಿಗೆ ಮುಂದಿನ ಪ್ರವಾಸದಲ್ಲಿ ಸೀಟು ಕೊಡಿ. ಗುಂಪು ಊಟಕ್ಕೆ ಹೋದಾಗ ಅವಳನ್ನು ಒಂದು ಸುತ್ತಿಗೆ ಬಿಡಿ. ಎದುರಿಗೆ ಯಾರೂ ಬರದಿದ್ದರೆ ವಿರುದ್ಧ ದಿಕ್ಕು ಎಂಬುದೇ ಇರುವುದಿಲ್ಲ, ಅಲ್ಲವೇ?

ಇಂತಿ,
ತನಗೆ ನಂಬಿಕೆಯಿಲ್ಲದ ಒಂದು ಸುತ್ತಿಗಾಗಿ ಕಾಯುತ್ತಿರುವ
ದುಂಡಪ್ಪ