ದೋಣಿಯಲ್ಲಿ ಉಂಡ ನಾಯಿ

ಮಸ್ಕಿ
ಫಸಲಿ 1355, ಆಜೂರ್ 28

ಹಟ್ಟಿಯಲ್ಲಿರುವ ನಮ್ಮ ಮನೆಯವರಿಗೆ ನಿಮ್ಮ ಶೇಖರಮ್ಮ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಗಣಿಯಿಂದ ಮೇಲೆ ಬಂದ ಕೂಡಲೇ ತಣ್ಣೀರು ಸುರಿದುಕೊಳ್ಳಬೇಡಿ. ಅತ್ತೆಯವರ ಮೊಣಕಾಲು ನೋವು ಇದ್ದಂತೆಯೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಇಷ್ಟು ದಿನ ನಮ್ಮೆಲ್ಲರ ಕ್ಷೇಮವನ್ನು ನಿಮ್ಮಣ್ಣನವರೇ ಬರೆಯುತ್ತಿದ್ದರು. ಈ ಸಲ ನಾನೇ ಕೂತಿದ್ದೇನೆ. ಮಠದ ಐನವರು ಕಲಿಸಿದ ಅಕ್ಷರ ಸೊಟ್ಟಗಿರಬಹುದು, ಮಾತು ನೆಟ್ಟಗಿದೆ.

"ನಾ ಬರೂದ್ರೊಳಗ ಆ ನಾಯಿ ಮನ್ಯಾಗ ಇರಬಾರ್ದು" ಎಂದು ಬರೆಸಿ ಕಳಿಸಿದ್ದೀರಿ. ನಾಯಿ ಇಲ್ಲೇ ಇದೆ. ನನ್ನ ಸೆರಗಿನ ಮೇಲೆ ಗದ್ದ ಊರಿ ಮಲಗಿದೆ. ಪಕ್ಕದ ಮನೆಯ ದಾವಲ್‌ಬೀ ಶ್ರಾವಣದಲ್ಲಿ ರಾಯಚೂರಿನ ಮಗಳ ಮನೆಗೆ ಹೊರಟಾಗ "ಇದನ್ನ ನೀನ ನೋಡ್ಕೊ ಬೇ" ಎಂದು ಹಗ್ಗ ನನ್ನ ಕೈಗಿಟ್ಟು ಅತ್ತಳು. ಮೂರು ದಿನ ಅದು ಅವಳ ಬೀಗದ ಮುಂದೆಯೇ ಕೂತಿತ್ತು. ನಮ್ಮ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ನಾಲ್ಕನೆಯ ದಿನ ಮಜ್ಜಿಗೆಯಲ್ಲಿ ನೆನೆಸಿಟ್ಟೆ, ತಿಂದಿತು. ಮೈತುಂಬ ಕಪ್ಪು ಕೂದಲೆಂದು ಕಂಬ್ಳಿ ಎಂದು ಕರೆಯುತ್ತೇನೆ. ನೀವು ಹೋದಾಗಿನಿಂದ ಮೂಲೆಯಲ್ಲಿ ಒರೆಸಿ ಇಟ್ಟಿದ್ದ ನಿಮ್ಮ ಎಡಗಾಲಿನ ಚಪ್ಪಲಿಯನ್ನು ಕಡಿದು ಹಾಕಿದೆ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಇನ್ನು ದಸರೆಯ ದಿನದ ವಿಷಯ. ನಮ್ಮ ಮನೆದೇವರ ಸೇವೆ ನಿಮಗೆ ನಾನು ಹೇಳಬೇಕೇ? ಅಂಗಳದಲ್ಲಿ ತೊಟ್ಟಿಯಂಥ ಮರದ ದೋಣಿ ಇಟ್ಟು ಹಾಲು, ಬಾಳೆಹಣ್ಣು, ಬೆಲ್ಲ ಹಾಕುತ್ತೇವೆ. ಕಂಬಳಿ ಹೊದ್ದ ಗೊರವರು ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತ, ಒಬ್ಬರನ್ನೊಬ್ಬರು ನೂಕುತ್ತ, ದೋಣಿಗೇ ಬಾಯಿ ಹಾಕಿ ಉಣ್ಣುತ್ತಾರೆ. ಕಂಬ್ಳಿಯನ್ನು ನಾನು ಕೊಟ್ಟಿಗೆಯಲ್ಲಿ ಕಟ್ಟಿದ್ದೆ, ಸುಳ್ಳಲ್ಲ. ಬೊಗಳುವುದು ಕೇಳಿ ತನ್ನ ಬಳಗವೇ ಬಂದಿದೆ ಎಂದುಕೊಂಡಿತೋ ಏನೋ, ಹಗ್ಗ ಹರಿದು ಬಂದು ಅವರ ನಡುವೆ ನುಗ್ಗಿ ದೋಣಿಗೆ ಬಾಯಿ ಹಾಕಿತು. ಅತ್ತೆ ಎದೆ ಬಡಿದುಕೊಂಡರು. ನಿಮ್ಮಣ್ಣನವರು ಬಡಿಗೆ ಎತ್ತಿದರು. ಮೈಲಿಗೆಯಾಯಿತು ಎಂದು ಅವರು ನಿಮಗೆ ಬರೆದದ್ದು ಇಷ್ಟೇ.

ಬರೆಯದೆ ಬಿಟ್ಟದ್ದನ್ನು ಕೇಳಿ. ಹಿರಿಯ ಗೊರವ ಬಸ್ಸಪ್ಪಜ್ಜ ಹಾಲು ಸುರಿಯುವ ಗಡ್ಡ ಎತ್ತಿ, "ಬಡಿಗಿ ಇಳಸ್ರಿ ಗೌಡ್ರ. ನಾವು ಇವತ್ತೊಂದಿನ ನಾಯಿ ಆಗೀವಿ, ಅದು ಹುಟ್ಟಿದಾಗಿಂದ ಆಗ್ಯಾದ" ಎಂದ. ಆಮೇಲೆ ಪಕ್ಕದವನಿಗೆ, "ಸರಿಯಲೇ, ಅದಕ್ಕ ಜಾಗ ಬಿಡು" ಎಂದು ಮತ್ತೆ ಉಣ್ಣತೊಡಗಿದ. ಉಂಡವನಿಗೆ ಆಗದ ಮೈಲಿಗೆ ನೋಡಿದವರಿಗೆ ಹೇಗಾಯಿತು? ನಾಯಿಯಾದ ಮನುಷ್ಯನ ಕಾಲಿಗೆ ಬಿದ್ದು, ನಾಯಿಯಾಗಿಯೇ ಬಂದದ್ದನ್ನು ಹೊಡೆದು ಅಟ್ಟು ಎಂದರೆ ನನ್ನಿಂದ ಆಗುವುದಿಲ್ಲ. ಅತ್ತೆಯವರಿಗೂ ಇದನ್ನೇ ಹೇಳಿದೆ. ಎರಡು ದಿನ ನನ್ನ ಕೈಯ ಊಟ ಮಾಡಲಿಲ್ಲ, ಮೂರನೆಯ ದಿನ ಪುಂಡಿಪಲ್ಯಕ್ಕೆ ಸೋತರು. ಈಗ ನಾನಿಲ್ಲದಾಗ ಅದಕ್ಕೆ ರೊಟ್ಟಿ ಅಂಚು ಎಸೆಯುತ್ತಾರೆ. ನಾನು ನೋಡಿಲ್ಲ ಎಂದೇ ಇರಲಿ.

ದೇವರು ನಿಮ್ಮನ್ನು ಸುಖವಾಗಿಟ್ಟಿರಲಿ. ಜೊತೆಯವರಿಗೆಲ್ಲ ಕೇಳಿದೆ ಎಂದು ಹೇಳಿ.

ನಿಮ್ಮ
ಶೇಖರಮ್ಮ

ತಾ.ಕ.: ಈ ಕಾಗದ ಒಯ್ಯುವ ಲಿಂಗಸುಗೂರಿನ ಗಾಡಿ ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. "ನಾ ಬರೂದ್ರೊಳಗ" ಎಂದಿರಿ, ಬರುವ ದಿನ ಬರೆಯಲಿಲ್ಲ. ಮೂರು ವರ್ಷದಿಂದಲೂ ಬರೆದಿಲ್ಲ. ದೀಪಾವಳಿಗೆ ನೀವು ಬಂದರೆ ಸರಿ. ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿ, ಕಂಬ್ಳಿ ನಿಮ್ಮನ್ನು ಕಂಡಿಲ್ಲ. ಬಾರದಿದ್ದರೆ ಹಬ್ಬದ ಮರುದಿನ ಇದೇ ಗಾಡಿಯಲ್ಲಿ ನಾನೇ ಹಟ್ಟಿಗೆ ಬರುತ್ತೇನೆ. ಗಣಿಯವರು ಕೊಟ್ಟ ಮನೆಯಲ್ಲಿ ಇನ್ನೂ ಇಬ್ಬರಿಗೆ ಜಾಗ ಮಾಡಿಡಿ.